ಅಕ್ಷಹೃದಯವೂ ಸಣ್ಣ ಪಣವೂ

ಸಣ್ಣ ಪಣವಿಟ್ಟು ಮೋಬಾಯಿಲ್ಲಿನಲ್ಲಿ ಪೋಕರ್ ಆಡುವದು ಜೂಜಲ್ಲ, ಅದೊಂದು ವಿದ್ಯೆ. ಹೊಸಬನು ಮೊದಮೊದಲು ಹತ್ತಿಪ್ಪತ್ತು ರೂಪಾಯಿ ಸೋತರೆ ಅದು ಗುರುದಕ್ಷಿಣೆ. ಕಲಿತ ಮೇಲೆ ಗೆಲವು ತಾನಾಗಿ ಬರುವದು. ಇಂಥದೊಂದು ವಾದವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸುಶಿಕ್ಷಿತರ ಪಡಸಾಲೆಗಳಿಗೂ ಬಂದು ಕುಳಿತಿರುವದು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಚಾತುರ್ಯದವಿರಲಿ ದೈವಾಧೀನವಿರಲಿ, ನಿಷೇಧಿಸುವ ಕೇಂದ್ರದ ಕಾಯದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ದೇಶದ ದೊಡ್ಡ ಪೋಕರ್ ಕಂಪನಿಗಳು ಅದೇ ತಿಂಗಳಲ್ಲಿ ಹಣದ ಆಟವನ್ನು ನಿಲ್ಲಿಸಿದವು. ಆದರೆ ವಾದವು ನಿಲ್ಲಲಿಲ್ಲ. ಪರದೇಶದ ಆ್ಯಪುಗಳ ಕಳ್ಳದಾರಿ ಅದಕ್ಕೆ ಆಸರೆಯಾಗಿರುವದು. ಆದುದರಿಂದ ಕಾಯದೆಯನ್ನು ತೋರಿಸಿ ಸುಮ್ಮನಾಗುವದು ಸಾಲದು. ವಾದಕ್ಕೆ ವಾದದಿಂದಲೇ ಉತ್ತರ ಹೇಳತಕ್ಕದ್ದು.

ಮನೆಯ ಹಿರಿಯರು ಸಾಮಾನ್ಯವಾಗಿ ಹೇಳುವ ಉತ್ತರವೆಂದರೆ, "ಎಲೆಯಾಟವೆಲ್ಲ ದೈವದ ಆಟ, ಅದರಲ್ಲಿ ಕಲಿಯುವದೇನೂ ಇಲ್ಲ" ಎಂಬದು. ಈ ಉತ್ತರವು ಸುಳ್ಳು. ಸುಳ್ಳು ಹೇಳಿ ಮಕ್ಕಳನ್ನು ಸನ್ಮಾರ್ಗದಲ್ಲಿ ನಿಲ್ಲಿಸಲು ಹೊರಟವರ ಮಾತನ್ನು ಮಕ್ಕಳು ಮುಂದೆ ಯಾವ ವಿಷಯದಲ್ಲಿಯೂ ನಂಬುವದಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಎತ್ತಿಕೊಂಡು ಖಂಡಿಸುವದೇ ಶಾಸ್ತ್ರದ ರೀತಿ. ಅದನ್ನೇ ಇಲ್ಲಿ ಅನುಸರಿಸುವದು ಯೋಗ್ಯ.

ಪೋಕರಿನ ಹೆಚ್ಚು ಪ್ರಚಾರದಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬ ಆಟಗಾರನಿಗೆ ಎರಡು ಗುಪ್ತ ಎಲೆಗಳು ಬರುವವು. ನಡುವೆ ಐದು ಎಲೆಗಳು ಹಂತಹಂತವಾಗಿ ಎಲ್ಲರಿಗೂ ಕಾಣುವಂತೆ ತೆರೆಯಲ್ಪಡುವವು. ಪ್ರತಿ ಹಂತದಲ್ಲಿ ಪಣವನ್ನು ಏರಿಸಬಹುದು, ಸರಿಗಟ್ಟಬಹುದು, ಇಲ್ಲವೆ ಎಲೆ ಚೆಲ್ಲಿ ಹಿಂದೆ ಸರಿಯಬಹುದು. 52 ಎಲೆಗಳಿಂದ ಎರಡನ್ನು ಆರಿಸುವ ಬಗೆಗಳು 1326. ಅವುಗಳಲ್ಲಿ ಎರಡೂ ಎಕ್ಕಗಳಾಗಿ ಬರುವವು ಆರು ಮಾತ್ರ, ಅಂದರೆ 221 ಸಲಕ್ಕೆ ಒಮ್ಮೆ. ನಾಲ್ಕು ಎಲೆಗಳು ನಡುವೆ ತೆರೆದಾಗ ಒಬ್ಬನಲ್ಲಿ ಒಂದೇ ಜಾತಿಯ ನಾಲ್ಕು ಎಲೆಗಳು ಕೂಡಿವೆ, ಐದನೆಯದು ಬಂದರೆ ಗೆಲವು ಎಂದಿಟ್ಟುಕೊಳ್ಳೋಣ. ಕಾಣದ 46 ಎಲೆಗಳಲ್ಲಿ ಅವನಿಗೆ ಬೇಕಾದವು 9. ಐದಕ್ಕೊಂದು ಪಾಲೂ ತುಂಬದು. ನಡುವೆ 100 ರೂಪಾಯಿ ಇದ್ದು ಎದುರಾಳಿಯು 50 ಸೇರಿಸಿದರೆ ಇವನು 50 ಇಟ್ಟು 150ಕ್ಕೆ ಕೈಚಾಚುವನು. ನಾಲ್ಕು ಸಲಕ್ಕೆ ಒಮ್ಮೆಯಾದರೂ ಗೆದ್ದರೆ ಮಾತ್ರ ಲೆಕ್ಕ ಸರಿಹೋಗುವದು. ಹೊಸಬನು ಆಸೆಯಿಂದ ಹಣವಿಡುವನು, ಸರಾಸರಿ 11 ರೂಪಾಯಿಯಷ್ಟು ಕಳೆಯುವನು. ಕಲಿತವನು ಎಲೆ ಚೆಲ್ಲುವನು. ಇದು ವಿದ್ಯೆಯಲ್ಲದೆ ಮತ್ತೇನು? ರಮ್ಮಿಯು ಮುಖ್ಯತಃ ಚಾತುರ್ಯದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಹೇಳಿತು. ಕರ್ನಾಟಕವು 2021ರ ಅಕ್ಟೋಬರ್ 5ರಿಂದ ಜಾರಿಗೆ ತಂದ ನಿಷೇಧವನ್ನು ರಾಜ್ಯದ ಉಚ್ಚನ್ಯಾಯಾಲಯವು 2022ರ ಫೆಬ್ರುವರಿ 14ರಂದು ರದ್ದುಗೊಳಿಸಿದ್ದೂ ಚಾತುರ್ಯದ ಆಟವನ್ನು ಜೂಜಿನೊಡನೆ ಬೆರೆಸಲಾಗದೆಂಬ ವಾದವನ್ನು ಮನ್ನಿಸಿಯೇ.

ಪುರಾಣವೂ ಇದನ್ನು ಬಲ್ಲದು. ಋತುಪರ್ಣನು ರಥದಲ್ಲಿ ಹೋಗುತ್ತ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ಎಣಿಸದೆಯೇ ಲೆಕ್ಕ ಹೇಳಿದನು. ನಳನು ತನ್ನ ಅಶ್ವಹೃದಯವನ್ನು ಕೊಟ್ಟು ಆತನಿಂದ ಅಕ್ಷಹೃದಯವನ್ನು ಪಡೆದನು. ವನಪರ್ವದಲ್ಲಿ ಈ ಕಥೆಯನ್ನು ಹೇಳಿದ ಬೃಹದಶ್ವ ಮುನಿಯು ಧರ್ಮರಾಯನಿಗೂ ಆ ವಿದ್ಯೆಯನ್ನು ಅನುಗ್ರಹಿಸಿದನು. ಅಕ್ಷದಲ್ಲಿ ಹೃದಯವಿದೆ, ಅದನ್ನು ಕಲಿಯಬಹುದು ಎಂಬದನ್ನು ಮಹಾಭಾರತವೇ ಒಪ್ಪಿರುವಾಗ ಪಡಸಾಲೆಯ ಹಿರಿಯರು ಅಲ್ಲಗಳೆಯುವದೇಕೆ?

ಇಷ್ಟನ್ನು ಒಪ್ಪಿದ ಮೇಲೆ ಸಿದ್ಧಾಂತಕ್ಕೆ ಬರಬೇಕು. ದೋಷವು "ವಿದ್ಯೆ" ಎಂಬ ಮಾತಿನಲ್ಲಿಲ್ಲ, "ಸಣ್ಣ ಪಣ" ಎಂಬ ಮಾತಿನಲ್ಲಿದೆ. ಆಟದ ಮನೆಯವನು ಧರ್ಮಕ್ಕಾಗಿ ಚಾಪೆ ಹಾಸುವದಿಲ್ಲ. ಪ್ರತಿ ಆಟದಲ್ಲಿ ಗೆದ್ದವನ ಕೈಗೆ ಹಣ ಸೇರುವ ಮೊದಲೇ ಅವನು ತನ್ನ ಪಾಲನ್ನು ಮುರಿದುಕೊಳ್ಳುವನು. ಪೋಕರಿನವರು ಇದನ್ನು ರೇಕ್ ಎಂದು ಕರೆಯುವರು. ನೂರಕ್ಕೆ ಐದರ ಆಸುಪಾಸು ಇದರ ಸಾಮಾನ್ಯ ದರ. ಇದೇನು ಹೊಸ ಬುದ್ಧಿಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದು ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬಾಳಿದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ಬಿಡಿಸಿರುವನು: ಪಣದಲ್ಲಿ ನೂರು ಅಥವಾ ಅದಕ್ಕೂ ಮೇಲೆ ಗೆದ್ದವನಿಂದ ಸಭಿಕನು ನೂರಕ್ಕೆ ಐದು ಪಡೆಯಬೇಕು; ನೂರು ತುಂಬದ ಸಣ್ಣ ಆಟಗಾರನಿಂದ ಹತ್ತನೆಯ ಪಾಲು. ಇಂದಿನ ಕಂಪನಿಗಳ ವ್ಯವಸ್ಥೆಯ ಗುಣವೂ ಅದೇ. ಪ್ರತಿ ಆಟದ ರೇಕಿಗೆ ಒಂದು ಮೇಲ್ಮಿತಿಯಿರುವದು. ದೊಡ್ಡ ಪಣದ ಆಟವು ಬೇಗನೆ ಅದನ್ನು ಮುಟ್ಟಿ ಉಳಿದ ಹಣದ ಮೇಲೆ ಕಡಿತ ತಪ್ಪಿಸಿಕೊಳ್ಳುವದು. ಸಣ್ಣ ಪಣದವನು ಆ ಮಿತಿಯನ್ನು ಮುಟ್ಟುವದೇ ವಿರಳ, ಅವನು ಪೂರ್ಣ ದರವನ್ನೇ ತೆರಬೇಕು. ಅಪಾಯ ಕಡಿಮೆಯೆಂದು ಹೊಸಬನು ಸೇರಿದ ಮೂಲೆಯಲ್ಲಿಯೇ ಕಡಿತವು ಅತಿ ಭಾರವಾಗಿರುವದು.

ಲೆಕ್ಕವನ್ನು ಮಾಡಿಯೇ ನೋಡಬಹುದು. ಆರು ಜನ ತರುಣರು ತಲೆಗೆ 500 ರೂಪಾಯಿ ತಂದರೆ ಒಟ್ಟು 3000. ಆಟವೊಂದಕ್ಕೆ ಸರಾಸರಿ 60 ರೂಪಾಯಿ ನಡುವೆ ಕೂಡಿದರೆ ನೂರಕ್ಕೆ ಐದರಂತೆ 3 ರೂಪಾಯಿ ಮನೆಯವನಿಗೆ. ಮೋಬಾಯಿಲ್ಲಿನ ಮೇಲೆ ತಾಸಿಗೆ 60 ಆಟಗಳೆಂದರೆ 180 ರೂಪಾಯಿ. ದಿನಕ್ಕೆ ಎರಡು ತಾಸಿನಂತೆ ಐದು ಸಂಜೆ ಆಡಿದರೆ 1800 ರೂಪಾಯಿ ಹೋಯಿತು, 1200 ಉಳಿಯಿತು. ಆರೂ ಜನರು ಋತುಪರ್ಣನ ಶಿಷ್ಯರೇ ಆಗಿದ್ದು ಸರಿಸಮಾನ ಚತುರರಾಗಿದ್ದರೆ ಪ್ರತಿಯೊಬ್ಬನ ಕೈಯಲ್ಲಿ ಉಳಿಯುವದು ಸುಮಾರು 200. ಯಾರೂ ಯಾರನ್ನೂ ಸೋಲಿಸಲಿಲ್ಲ, ಆದರೂ ಎಲ್ಲರೂ ಸೋತರು. ಇವರಲ್ಲಿ ಒಬ್ಬನು ಗೆದ್ದನೆಂದರೆ ಅವನು ಮಿಕ್ಕ ಐವರನ್ನು ಈ ಕಡಿತಕ್ಕಿಂತ ಹೆಚ್ಚಾಗಿ ಸುಲಿದನೆಂದೇ ಅರ್ಥ. ಗಣಿತವನ್ನೋ ಸಂಗೀತವನ್ನೋ ಕಲಿತವನ ಬೆಳವಣಿಗೆಗೆ ನೆರೆಯವನ ಅಜ್ಞಾನ ಬೇಕಾಗುವದಿಲ್ಲ. ಈ ವಿದ್ಯೆಯಲ್ಲಿ ಗಳಿಸಬೇಕಾದರೆ ತನಗಿಂತ ಹೊಸಬನೊಬ್ಬನು ದಿನಾಲು ಬಂದು ಕೂಡ್ರಬೇಕು. ಅದಕ್ಕಾಗಿಯೇ "ಬನ್ನಿ, ಕಲಿಯಿರಿ" ಎಂಬ ಕರೆ.

ಇನ್ನು ತಾನು ಬೆಳೆದೆನೋ ಇಲ್ಲವೋ ಎಂಬದನ್ನು ಹೊಸಬನು ತಿಳಿಯುವದೆಂತು? ನೂರಾರು ಆಟಗಳಲ್ಲಿ ದೈವವು ಮೂರ್ಖನನ್ನೂ ಗೆಲ್ಲಿಸಬಲ್ಲದು. ಚಾತುರ್ಯವು ದೈವದಿಂದ ಬೇರ್ಪಟ್ಟು ಕಾಣಬೇಕಾದರೆ ಹತ್ತಾರು ಸಾವಿರ ಆಟಗಳು ಬೇಕು. 30,000 ಆಟಗಳೆಂದರೆ ದಿನಕ್ಕೆ ಎರಡು ತಾಸಿನಂತೆ 250 ದಿನಗಳು. ಪದವಿಯ ಒಂದು ವರುಷದ ಓದು ಅಲ್ಲಿಗೆ ಮುಗಿಯಿತು. ಆಮೇಲೂ ಲಾಭವುಳಿದರೆ, 2023ರ ಎಪ್ರಿಲ್ 1ರಿಂದ ನಿವ್ವಳ ಗೆಲವಿನ ಮೇಲೆ ನೂರಕ್ಕೆ 30ರ ಆದಾಯಕರ ಬಂದಿತು. ಅದೇ ವರುಷದ ಅಕ್ಟೋಬರ್ 1ರಿಂದ ಆಟಕ್ಕೆ ತುಂಬಿದ ಹಣದ ಮೇಲೆ ನೂರಕ್ಕೆ 28ರ ಜಿಎಸ್‌ಟಿಯೂ ಬಿದ್ದಿತು. ಈಗ ಕಳ್ಳದಾರಿಯಿಂದ ಆಡುವವನಿಗೆ ಗೆದ್ದ ಹಣವು ಬಾರದೆ ಹೋದರೆ ಕೇಳುವವರೇ ಇಲ್ಲ.

ಈ ಸೀಮೆಯ ಜನರು ಲೆಕ್ಕ ಅರಿಯದವರಲ್ಲ. ಅಥಣಿ, ಕಾಗವಾಡಗಳ ರೈತನು ಕಬ್ಬಿನ ಕಾಟಾದಲ್ಲಿ ಟನ್ನಿಗೆ 50 ಕಿಲೋ ಕಡಿತವಾಯಿತೆಂದು ಸಂಶಯ ಬಂದರೆ ಗಾಡಿ ಅಡ್ಡ ನಿಲ್ಲಿಸುವನು. ಅದೂ ನೂರಕ್ಕೆ ಐದೇ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಯೋಗ್ಯ ಬೆಲೆಗಾಗಿ ಹೆದ್ದಾರಿಯ ಮೇಲೆ ಕುಳಿತರು, ಗೋಳೀಬಾರಿನಲ್ಲಿ ಪ್ರಾಣವನ್ನೂ ತೆತ್ತರು. ಬೆವರಿನ ಬೆಲೆಯಲ್ಲಿ ರೂಪಾಯಿಯನ್ನು ಬಿಡದ ಅಂಥವರ ಮನೆಗಳಲ್ಲಿ, ಕಂಪನಿಯು ಮೂರು ನಿಮಿಷಕ್ಕೊಮ್ಮೆಯಲ್ಲ, ನಿಮಿಷಕ್ಕೊಮ್ಮೆ ಕಡಿತ ಮಾಡುವದನ್ನು ಗುರುದಕ್ಷಿಣೆಯೆಂದು ಕರೆಯುವದು ನಾಚಿಕೆಗೇಡು.

ಕಾಯದೆಯೊಂದನ್ನೇ ನೆಚ್ಚುವವರಿಗೂ ಒಂದು ಮಾತು. 2021ರ ನಿಷೇಧದ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಅಂಥ ನಿಷೇಧವಿರಲಿಲ್ಲ. ನಿಪ್ಪಾಣಿಯವನಿಗೆ ಕಾಗಲವೂ ಕಾಗವಾಡದವನಿಗೆ ಮ್ಹೈಸಾಳವೂ ಎಷ್ಟು ದೂರ? ಈಗಿನ ಕಾಯದೆಯು ಗಡಿಯ ಎರಡೂ ಕಡೆಗೆ ಒಂದೇ; ಅದು ಒಳ್ಳೆಯದೇ. ಆದರೆ ಮೋಬಾಯಿಲ್ಲು ಕೋಣೆಯೊಳಗಿರುವದು, ಪೋಲೀಸರು ಚಾವಡಿಯಲ್ಲಿರುವರು. ನಡುವಿನ ಕಾವಲು ಮನೆಯವರದೇ.

"ನಳನು ಕಲಿತು ಗೆಲ್ಲಲಿಲ್ಲವೇ?" ಎಂದು ಪೂರ್ವಪಕ್ಷದವರು ಕೊನೆಗೆ ಕೇಳುವರು. ಗೆದ್ದನು, ನಿಜ. ಆದರೆ ಪುಷ್ಕರನ ಎದುರು ಒಂದೇ ಪಣವಾಡಿದನು, ಕಳೆದುಕೊಂಡ ರಾಜ್ಯವನ್ನು ಪಡೆದನು, ಸೋತ ತಮ್ಮನಿಗೆ ಅವನ ಪಾಲನ್ನು ಕೊಟ್ಟು ಕಳಿಸಿದನು. ಮರುದಿನದ ಆಟಕ್ಕೆ ಕೂಡ್ರಲಿಲ್ಲ. ಹತ್ತನೆಯ ಪಾಲು ಮುರಿದುಕೊಳ್ಳುವ ಸಭಿಕನು ಅವರ ನಡುವೆ ಇರಲಿಲ್ಲ. ಧರ್ಮರಾಯನಾದರೋ ವಿದ್ಯೆ ಕೈಸೇರಿದ ಮೇಲೆ ರಾಜ್ಯಕ್ಕಾಗಿ ಮತ್ತೆ ಪಗಡೆ ಹಾಸಲಿಲ್ಲ. ವಿರಾಟನ ಸಭೆಯಲ್ಲಿ ಕಂಕನಾಗಿ ಅದರಿಂದ ಅಜ್ಞಾತವಾಸವನ್ನು ನೂಕಿದನು.

ಆದುದರಿಂದ ಹಿರಿಯರು ಇಸ್ಪೇಟಿನ ಕಟ್ಟನ್ನು ಒಲೆಗೆ ಹಾಕಬೇಕಾಗಿಲ್ಲ. ಹುಣಿಸೆಬೀಜಗಳನ್ನು ಪಣವಾಗಿಟ್ಟು ಮಕ್ಕಳೊಡನೆ ಕುಳಿತು 46ರಲ್ಲಿ 9 ಎಂದರೇನೆಂಬದನ್ನು ತೋರಿಸಲಿ. ಕಲಿಯತಕ್ಕ ವಿದ್ಯೆಯೆಲ್ಲವೂ ಅದರಲ್ಲಿಯೇ ದೊರೆಯುವದು. ಪ್ರತಿ ಆಟಕ್ಕೆ ಇಪ್ಪತ್ತರಲ್ಲಿ ಒಂದು ಬೀಜವನ್ನು ತೆಗೆದು ಬೇರೆ ಬಟ್ಟಲಿಗೆ ಹಾಕುತ್ತ ಹೋಗಲಿ. ಸಂಜೆಯ ಕೊನೆಗೆ ಬೀಜಗಳೆಲ್ಲ ಯಾರ ಬಟ್ಟಲಿನಲ್ಲಿವೆಯೆಂದು ಮಕ್ಕಳೇ ಎಣಿಸಲಿ. ಈಗಾಗಲೇ ಹಣ ಕಳೆದುಕೊಂಡ ತರುಣನಿದ್ದರೆ ಅವನನ್ನು ಗದರಿಸದೆ, ತುಂಬಿದ್ದೆಷ್ಟು, ಬಂದದ್ದೆಷ್ಟು ಎಂಬದನ್ನು ವಹಿಯಲ್ಲಿ ಬರೆಯಿಸಲಿ. ಬರೆದ ಲೆಕ್ಕವನ್ನು ಕಂಡವನಿಗೆ ಹೆಚ್ಚಿನ ಉಪದೇಶ ಬೇಕಾಗುವದಿಲ್ಲ.