ಸೊಪ್ಪು ಒಣಗಲು ನೆರಳೇ ಸಾಕು

ಬಿರಿಯಾನಿಗೆಂದು ಪುದೀನ, ಪಲ್ಯಕ್ಕೆಂದು ಈರುಳ್ಳಿ ಸೊಪ್ಪು ಅಗ್ಗವಾದಾಗ ಕಟ್ಟುಗಟ್ಟಲೆ ತರುತ್ತೇವೆ. ಎರಡು ದಿನದಲ್ಲಿ ಅರ್ಧ ಕೊಳೆತು ತಿಪ್ಪೆ ಸೇರುತ್ತದೆ. ಇದು ಇಸ್ರಾಫ್ ಅಲ್ಲವೇ? ಒಣಗಿಸುವವರೂ ಮಾಳಿಗೆಯ ಸುಡುಬಿಸಿಲಿಗೆ ಹರಡುತ್ತಾರೆ. ಬಣ್ಣ, ಘಮ ಎರಡೂ ಹೋಗಿ ಧೂಳು ಮೆತ್ತುತ್ತದೆ.

ಮೊಳಕಾಲ್ಮೂರು, ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಇಲ್ಲಿನ ಒಣಗಾಳಿಯೇ ಸಾಕು, ಬಿಸಿಲು ಬೇಡ ಎಂಬುದು ನನ್ನ ಅಭಿಪ್ರಾಯ. ಸೊಪ್ಪನ್ನು ತೊಳೆದು, ನೀರಿನ ಪಸೆಯನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಗಾಳಿಯಾಡುವ ಕೋಣೆಯ ನೆರಳಲ್ಲಿ ಶುಭ್ರ ಬಟ್ಟೆಯ ಮೇಲೆ ತೆಳುವಾಗಿ ಹರಡಿ. ಮಗ್ಗದ ಕೋಣೆ ಬೇಡ, ಅಲ್ಲಿ ನೂಲಿನ ಧೂಳು ಹಾರುತ್ತದೆ. ಈರುಳ್ಳಿ ಸೊಪ್ಪಿನ ಕೊಳವೆಯಲ್ಲಿ ತೇವ ನಿಲ್ಲುವುದರಿಂದ ಅದನ್ನು ಸಣ್ಣಗೆ ಹೆಚ್ಚಿಯೇ ಹರಡಬೇಕು. ದಿನಕ್ಕೊಮ್ಮೆ ಕೈಯಾಡಿಸಿ. ಹಿಚುಕಿದರೆ ಪುಡಿಯಾಗಬೇಕು, ಬಾಗಿದರೆ ಇನ್ನೂ ಒಣಗಿಲ್ಲ.

ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿಡಿ, ಒದ್ದೆ ಚಮಚ ಹಾಕಬೇಡಿ. ಬೂಷ್ಟು ಬಂದರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಸಾರಿಗೆ ಹಾಕುವ ಮನೆಗಳಿವೆ. ಅದು ತಪ್ಪು. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಹರಡಿರುತ್ತದೆ; ಸೀಸೆಯಲ್ಲಿರುವುದನ್ನೆಲ್ಲ ಚೆಲ್ಲಿಬಿಡಿ. ಒಂದು ಹಿಡಿ ಸೊಪ್ಪು ಉಳಿಸಲು ಹೋಗಿ ಮಕ್ಕಳ ಹೊಟ್ಟೆ ಕೆಡಿಸುವುದು ಉಳಿತಾಯವಲ್ಲ.