ಹೊಳೆಯ ಮೊಸಳೆಯೂ ದಡದ ಮನುಷ್ಯನೂ

ವಿಜಯಪುರ ಜಿಲ್ಲೆಯ ಕೊಲ್ಹಾರ ತಾಲ್ಲೂಕಿನ ರೋಣಿಹಾಳ ಗ್ರಾಮದಲ್ಲಿ 2023ರ ಅಕ್ಟೋಬರ್ ತಿಂಗಳಿನಲ್ಲಿ ನಡೆದ ಘಟನೆಯೊಂದು ನಾಡಿನಾದ್ಯಂತ ಸುದ್ದಿಯಾಯಿತು. ರಾತ್ರಿಯ ವೇಳೆ ಬೆಳೆಗೆ ನೀರುಣಿಸಲು ಹೋದ ರೈತರಿಗೆ ಹೊಲದಲ್ಲಿ ಮೊಸಳೆಯೊಂದು ಎದುರಾಯಿತು. ಅವರು ಅದನ್ನು ಬಡಿದು ಕೊಲ್ಲಲಿಲ್ಲ. ಹಗ್ಗದಿಂದ ಬಿಗಿದು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು, ವಿದ್ಯುತ್ ಉಪಕೇಂದ್ರಕ್ಕೆ ತಂದಿಳಿಸಿದರು. ಹಗಲಿನಲ್ಲಿ ವಿದ್ಯುತ್ ಕೊಡದೆ ರಾತ್ರಿಯಲ್ಲಿ ಕೊಟ್ಟರೆ, ಕತ್ತಲೆಯಲ್ಲಿ ಹಾವಿನಿಂದಲೋ ಮೊಸಳೆಯಿಂದಲೋ ಪ್ರಾಣ ಹೋದವರಿಗೆ ಹೊಣೆಗಾರರು ಯಾರು ಎಂಬುದು ಅವರು ಕೇಳಿದ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದು ಪ್ರಾಣಿಯನ್ನು ಕೊಂಡೊಯ್ದರು. ಸುದ್ದಿ ಓದಿದ ಹಲವರು ನಕ್ಕು ಮರೆತರು. ಆದರೆ ಆ ರೈತರ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಒಂದು ಜೀವಿಯ ಮೇಲಿನ ದಯೆಗೆ ಬೆಲೆ ತೆರಬೇಕಾದವರು ಯಾರು ಎಂಬುದೇ ಅದರ ಒಳತಿರುಳು.

ಭಾರತದಲ್ಲಿ ಮೂರು ಬಗೆಯ ಮೊಸಳೆಗಳಿವೆ: ಸಿಹಿನೀರಿನ ಮಗ್ಗರ್, ಕರಾವಳಿಯ ಉಪ್ಪುನೀರಿನ ಮೊಸಳೆ ಹಾಗೂ ಉತ್ತರದ ನದಿಗಳ ಘರಿಯಾಲ್. ಅಮೆರಿಕದ ಅಲಿಗೇಟರ್ ಇಲ್ಲಿಯದಲ್ಲ. ಕರ್ನಾಟಕದ ಕೃಷ್ಣೆ, ತುಂಗಭದ್ರೆ, ಕಾವೇರಿ, ಕಾಳಿ ನದಿಗಳಲ್ಲಿ ವಾಸಿಸುವುದು ಮಗ್ಗರ್. ಶರಣರ ಭಕ್ತರಿಗೆ ಪವಿತ್ರವಾದ ಕೂಡಲಸಂಗಮವೂ ಇದೇ ನೀರಿನ ದಡದಲ್ಲಿದೆ. ಕೃಷ್ಣೆ ಮಲಪ್ರಭೆಯರು ಕೂಡುವ ಆ ತಾಣದ ಸುತ್ತ ಇಂದು ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಹರಡಿದೆ. ಹಿನ್ನೀರೆಂದರೆ ಮಗ್ಗರ್ ಮೊಸಳೆಗೆ ಒಪ್ಪುವ ನೆಲೆ. ನಿಧಾನವಾದ ನೀರು, ಬಿಲ ತೋಡಲು ಮಣ್ಣಿನ ದಂಡೆ, ಬಿಸಿಲಿಗೆ ಮೈಯೊಡ್ಡಲು ದಿಣ್ಣೆ, ಹೊಟ್ಟೆಗೆ ಮೀನು, ಎಲ್ಲವೂ ಅಲ್ಲಿ ಅದಕ್ಕೆ ದೊರೆಯುತ್ತವೆ.

ಅರ್ಧ ಶತಮಾನದ ಹಿಂದೆ ಈ ಜೀವಿ ಅಳಿವಿನ ಅಂಚಿಗೆ ಬಂದಿತ್ತು. ಚರ್ಮಕ್ಕಾಗಿ ಬೇಟೆ, ಮೊಟ್ಟೆಗಳ ಲೂಟಿ, ನೆಲೆಯ ನಾಶ ಇವುಗಳಿಂದ ಹಲವು ನದಿಗಳು ಬರಿದಾಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಅದಕ್ಕೆ ರಕ್ಷಣೆ ನೀಡಿತು. 1975ರಲ್ಲಿ ಕೇಂದ್ರ ಸರ್ಕಾರವು ವಿಶ್ವಸಂಸ್ಥೆಯ ನೆರವಿನಿಂದ ಮೊಸಳೆ ಸಂರಕ್ಷಣಾ ಯೋಜನೆಯನ್ನು ಆರಂಭಿಸಿತು. ಮೊಟ್ಟೆಗಳನ್ನು ಸಂಗ್ರಹಿಸಿ, ಮರಿ ಮಾಡಿಸಿ, ಬೆಳೆಸಿ, ಮರಳಿ ನದಿಗಳಿಗೆ ಬಿಡುವ ಕಾರ್ಯ ಹಲವು ರಾಜ್ಯಗಳಲ್ಲಿ ನಡೆಯಿತು. ಇಂದು ಹಲವೆಡೆ ಮೊಸಳೆಗಳು ಮತ್ತೆ ಕಾಣಿಸುತ್ತಿರುವುದು ಒಂದು ಒಳ್ಳೆಯ ಕೆಲಸದ ಫಲವೇ ಹೊರತು ಊರಿಗೆ ಬಂದ ಶಾಪವಲ್ಲ.

ಆದರೂ ಹೊಳೆಯಲ್ಲಿ ಮೊಸಳೆ ತಲೆಯೆತ್ತಿದೊಡನೆ ಜನರ ಕೈಗೆ ಕಲ್ಲು ಬರುತ್ತದೆ. ಹೊಳೆಯನ್ನು ಗಂಗೆಯೆಂದು ಪೂಜಿಸುವ ಜನರೇ ಗಂಗೆಯ ವಾಹನವಾದ ಮಕರಕ್ಕೆ ಹೋಲುವ ಜೀವಿಯನ್ನು ಕಂಡರೆ ಹೊಡೆಯಲು ಧಾವಿಸುತ್ತಾರೆ. ಮಲಪ್ರಭೆಯ ದಡದ ಐಹೊಳೆ, ಪಟ್ಟದಕಲ್ಲುಗಳ ಗುಡಿಗಳಲ್ಲಿ ಚಾಲುಕ್ಯರ ಶಿಲ್ಪಿಗಳು ಕಡೆದ ಮಕರ ತೋರಣಗಳನ್ನು ಯಾತ್ರಿಕರು ಕಣ್ತುಂಬ ನೋಡುತ್ತಾರೆ. ಕಲ್ಲಿನ ನಾಗನಿಗೆ ಸಲ್ಲುವ ಮನ್ನಣೆ ಜೀವಂತ ಹಾವಿಗೆ ಸಲ್ಲದಿರುವುದನ್ನು ಬಸವಣ್ಣನವರು ಒಂದು ವಚನದಲ್ಲಿ ಎತ್ತಿ ತೋರಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಆ ವಚನದ ಅಳತೆಗೋಲನ್ನು ಹೊಳೆಯ ದಡಕ್ಕೆ ತಂದರೆ, ಕಲ್ಲಿನ ಮಕರ ಮತ್ತು ನೀರಿನ ಮೊಸಳೆಯ ವಿಷಯದಲ್ಲಿಯೂ ಅದೇ ದ್ವಂದ್ವ ಎದ್ದು ಕಾಣುತ್ತದೆ.

ಹಾಗೆಂದು ಮೊಸಳೆಯನ್ನು ಪೂಜಿಸಿಬಿಟ್ಟರೆ ಸಮಸ್ಯೆ ತೀರುವುದೆಂದು ಭಾವಿಸುವುದು ಇನ್ನೊಂದು ತಪ್ಪು. ಗುಜರಾತಿನ ಆನಂದ್ ಮತ್ತು ಖೇಡಾ ಜಿಲ್ಲೆಗಳ ಚರೋತರ ಸೀಮೆಯಲ್ಲಿ ಊರ ಕೆರೆಗಳಲ್ಲಿಯೇ ಮಗ್ಗರ್ ಮೊಸಳೆಗಳಿವೆ. ಅವು ಖೋಡಿಯಾರ್ ಮಾತೆಯ ವಾಹನವೆಂಬ ನಂಬಿಕೆಯಿಂದ ಜನರು ಅವುಗಳಿಗೆ ಕೇಡು ಬಗೆಯುವುದಿಲ್ಲ. ಆ ಊರುಗಳ ಸಹಬಾಳ್ವೆ ಮೆಚ್ಚತಕ್ಕದ್ದು. ಆದರೆ ಅಲ್ಲಿಂದ ದೂರವಲ್ಲದ ವಡೋದರಾ ನಗರದ ವಿಶ್ವಾಮಿತ್ರಿ ನದಿಯ ಮೊಸಳೆಗಳೂ ಅದೇ ಜಾತಿಯವು, ದಡದ ಜನರ ನಂಬಿಕೆಯೂ ಅದೇ. ಆದರೂ ಅಲ್ಲಿ ಮನುಷ್ಯರು ಗಾಯಗೊಂಡದ್ದೂ ಪ್ರಾಣ ಕಳೆದುಕೊಂಡದ್ದೂ ಉಂಟು. ನಂಬಿಕೆಯು ಮನುಷ್ಯನ ಕೈಯಲ್ಲಿನ ಕಲ್ಲನ್ನು ಕೆಳಗಿಳಿಸಬಲ್ಲದು, ಮೊಸಳೆಯ ಬಾಯನ್ನು ಮುಚ್ಚಿಸಲಾರದು. ಆದುದರಿಂದ ಭಕ್ತಿಯ ಜೊತೆಗೆ ಅರಿವು ಇರಲೇಬೇಕು.

ಮೊಸಳೆಗೆ ಮನುಷ್ಯನ ಮೇಲೆ ಹಗೆಯಿಲ್ಲ. ಅದು ಶೀತರಕ್ತದ ಪ್ರಾಣಿ; ಮೈ ಬೆಚ್ಚಗಾಗಲು ಬಿಸಿಲಿನಲ್ಲಿ ಗಂಟೆಗಟ್ಟಲೆ ಮಲಗುತ್ತದೆ, ವಾರಗಟ್ಟಲೆ ಉಪವಾಸವಿರಬಲ್ಲದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಸಾಮಾನ್ಯವಾಗಿ 25ರಿಂದ 30 ಮೊಟ್ಟೆಗಳನ್ನಿಡುತ್ತದೆ. ಸುಮಾರು ಎರಡು ತಿಂಗಳ ಬಳಿಕ ಮಣ್ಣಿನೊಳಗಿಂದ ಮರಿಗಳ ಕೂಗು ಕೇಳಿದಾಗ ತಾಯಿ ಗುಂಡಿಯನ್ನು ಬಗೆದು, ಅವುಗಳನ್ನು ಬಾಯಲ್ಲಿ ಹಗುರವಾಗಿ ಹಿಡಿದು ನೀರಿಗೆ ಸೇರಿಸುತ್ತದೆ. ಇದೇ ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿಯುತ್ತವೆ. ಮನುಷ್ಯನೂ ದನಕರುವೂ ಮೊಸಳೆಯೂ ಒಂದೇ ಮಡುವಿಗೆ ಬರಬೇಕಾಗುತ್ತದೆ. ಅಪಾಯ ಹೆಚ್ಚುವ ಕಾಲ ಯಾವುದೆಂಬುದು ಇದರಿಂದ ಸ್ಪಷ್ಟ. ಮುಸ್ಸಂಜೆಯ ಮೇಲೆ ನೀರಿಗಿಳಿಯದಿರುವುದು, ದಡದಲ್ಲಿ ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂರದಿರುವುದು, ಗೂಡಿನ ಬಳಿ ಸುಳಿಯದಿರುವುದು, ಮಾಂಸದ ತ್ಯಾಜ್ಯವನ್ನು ಹೊಳೆಗೆ ಎಸೆಯದಿರುವುದು, ಇವಿಷ್ಟು ಪ್ರತಿ ಮಗುವಿಗೂ ತಿಳಿದಿರಬೇಕಾದ ಪಾಠಗಳು.

ಮೊಸಳೆಗಳನ್ನೆಲ್ಲ ಹಿಡಿದು ಬೇರೆಡೆಗೆ ಸಾಗಿಸಿರೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಆಸ್ಟ್ರೇಲಿಯಾದಲ್ಲಿ ದೂರಕ್ಕೆ ಸಾಗಿಸಿದ ಉಪ್ಪುನೀರಿನ ಮೊಸಳೆಗಳ ಚಲನೆಯನ್ನು ಉಪಗ್ರಹದ ಮೂಲಕ ಗಮನಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದು 400 ಕಿಲೋಮೀಟರಿಗಿಂತ ಹೆಚ್ಚು ದೂರವನ್ನು ಸುಮಾರು 20 ದಿನಗಳಲ್ಲಿ ಈಜಿ ತನ್ನ ನೆಲೆಗೆ ಮರಳಿತ್ತು. ನದಿಗೆ ತಾಲ್ಲೂಕಿನ ಗಡಿಗಳೂ ಇಲ್ಲ. 2019ರ ಆಗಸ್ಟ್ ತಿಂಗಳ ಕೃಷ್ಣೆಯ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಮುಳುಗಿದ ಮನೆಯೊಂದರ ಮಾಡಿನ ಮೇಲೆ ಮೊಸಳೆ ಆಶ್ರಯ ಪಡೆದಿತ್ತು. 2021ರ ಜುಲೈನಲ್ಲಿ ದಾಂಡೇಲಿ ಸಮೀಪದ ಕೋಗಿಲಬನ ಗ್ರಾಮದ ಬೀದಿಯಲ್ಲಿ ಮೊಸಳೆಯೊಂದು ನಡೆದುಹೋಯಿತು. ಅದನ್ನು ಹಿಡಿದು ಕಾಳಿ ನದಿಗೆ ಬಿಡಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಾಂಡೇಲಿಯಲ್ಲಿ ಮೀನು ಹಿಡಿಯಲು ಹೋದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಮೊದಲೆರಡು ಘಟನೆಗಳನ್ನು ಬೆರಗಿನಿಂದ ನೋಡಿದವರು ಮೂರನೆಯದನ್ನು ಮರೆಯಬಾರದು.

ಏಕೆಂದರೆ ದಯೆಯ ಮಾತು ನಲ್ಲಿಯ ನೀರು ಕುಡಿಯುವವರಿಗೆ ಸುಲಭ. ಬಟ್ಟೆ ಒಗೆಯಲು ಹೊಳೆಗೇ ಹೋಗಬೇಕಾದ ತಾಯಿ, ರಾತ್ರಿ ಎದ್ದು ಪಂಪ್‌ಸೆಟ್ ಚಾಲೂ ಮಾಡಲು ದಡಕ್ಕಿಳಿಯುವ ರೈತ, ಬಲೆ ಬೀಸುವ ಮೀನುಗಾರ, ಕುರಿಗಳಿಗೆ ನೀರು ಕುಡಿಸುವ ಕುರಿಗಾಹಿ, ಇವರೇ ಆ ದಯೆಯ ಬೆಲೆಯನ್ನು ತಮ್ಮ ಮೈಯಿಂದ ತೆರುತ್ತಿರುವವರು. ಮೊಸಳೆ ಉಳಿದದ್ದರ ಸಂತೋಷ ಇಡೀ ನಾಡಿನದು, ಅದರ ಭಯ ಮಾತ್ರ ದಡದ ಕೆಲವರದು. ಇದು ನ್ಯಾಯವಲ್ಲ. ಕಾಯಕಕ್ಕೆಂದು ಹೊಳೆಗೆ ಇಳಿದವನನ್ನು ನಿರ್ಲಕ್ಷಿಸಿ ಪ್ರಾಣಿದಯೆಯನ್ನು ಸಾರುವುದು ಶರಣರ ದಾರಿಯೂ ಅಲ್ಲ.

ಉಪಾಯಗಳು ಇಲ್ಲದಿಲ್ಲ. ಶ್ರೀಲಂಕಾದಲ್ಲಿ ಸ್ನಾನದ ಕಟ್ಟೆಗಳ ಮುಂದೆ ನೀರಿನೊಳಗೆ ಗೂಟ ನೆಟ್ಟು ಬೇಲಿ ಕಟ್ಟುವ ಹಳೆಯ ರೂಢಿಯಿದೆ. ಅದನ್ನು ಅಲ್ಲಿ ‘ಕಿಂಬುಲ್ ಕೊಟುವ’, ಎಂದರೆ ಮೊಸಳೆ ಕೋಟೆ, ಎನ್ನುತ್ತಾರೆ. ಒಡಿಶಾದ ಭಿತರಕನಿಕಾ ಸುತ್ತಲಿನ ಊರುಗಳಲ್ಲಿ ಅರಣ್ಯ ಇಲಾಖೆಯು ನದಿಯ ಘಟ್ಟಗಳಿಗೆ ಇಂಥದೇ ತಡೆಬೇಲಿ ಹಾಕಿಸಿದೆ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಗೂಟ, ಜಾಲರಿ ಮತ್ತು ವರ್ಷಕ್ಕೊಮ್ಮೆ ದುರಸ್ತಿ ಮಾಡುವ ಮನಸ್ಸು ಸಾಕು. ಹೊಳೆಸಾಲಿನ ಊರುಗಳಿಗೆ ಹಗಲು ವಿದ್ಯುತ್, ಮನೆಯ ಬಾಗಿಲಿಗೆ ನೀರು, ದನಗಳಿಗೆ ದಡದಿಂದ ಮೇಲೆ ಕುಡಿಯುವ ತೊಟ್ಟಿ, ಹಾನಿಯಾದವರಿಗೆ ಅಲೆದಾಟವಿಲ್ಲದ ಪರಿಹಾರ, ಇವು ಸರ್ಕಾರದ ಹೊಣೆ.

ಆದರೆ ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟು ಕೂರುವುದು ಸಲ್ಲದು. ಮಕರ ಸಂಕ್ರಾಂತಿಯಂದು ಕೂಡಲಸಂಗಮವೇ ಮೊದಲಾದ ಹೊಳೆದಡದ ಕ್ಷೇತ್ರಗಳಲ್ಲಿ ಭಕ್ತರು ಸ್ನಾನಕ್ಕೆ ನೆರೆಯುತ್ತಾರೆ. ಚಳಿಗಾಲದ ಆ ದಿನಗಳಲ್ಲಿಯೇ ಮೊಸಳೆಗಳು ಬಿಸಿಲಿಗಾಗಿ ದಂಡೆಗೆ ಬರುತ್ತವೆ. ಅಂಥಲ್ಲಿ ಒಂದು ಘಟ್ಟಕ್ಕೆ ಬೇಲಿ ಕಟ್ಟಿಸುವುದು, ಒಂದು ಎಚ್ಚರಿಕೆಯ ಫಲಕ ನಿಲ್ಲಿಸುವುದು, ಜಾತ್ರೆಯ ಉಳಿಕೆಗಳು ನೀರಿಗೆ ಬೀಳದಂತೆ ನೋಡಿಕೊಳ್ಳುವುದು ಅನ್ನ ನೀಡುವಷ್ಟೇ ಸಾರ್ಥಕವಾದ ದಾಸೋಹ. ದಯೆಯು ಬಾಯಿಮಾತಿನಿಂದ ಕೈಗೆ ಇಳಿದಾಗಲೇ ದಾಸೋಹವಾಗುತ್ತದೆ.

ರೋಣಿಹಾಳದ ರೈತರು ಓದಿದ ಪಂಡಿತರೆಂದು ಹೇಳಿಕೊಂಡವರಲ್ಲ. ಕತ್ತಲೆಯಲ್ಲಿ ಎದುರಾದ ಮೊಸಳೆಯ ಜೀವವನ್ನೂ ಉಳಿಸಿದರು, ತಮ್ಮ ಜೀವದ ಬೆಲೆಯನ್ನೂ ಕೇಳಿದರು. ಎರಡನ್ನೂ ಒಟ್ಟಿಗೆ ಹಿಡಿದ ಆ ನಡೆಯಲ್ಲಿ ಒಂದು ವಿವೇಕವಿದೆ. ಅವರಲ್ಲಿ ಯಾರೂ ಬೆಳಕಿಲ್ಲದ ಹೊತ್ತಿನಲ್ಲಿ ಹೊಲಕ್ಕೆ ಇಳಿಯಬೇಕಾಗಿ ಬರದ ದಿನ, ನಾಡು ಮೊಸಳೆಗೆ ತೋರಿದ ದಯೆ ಪೂರ್ಣವಾದೀತು.