ಹಳೆಯ ಆವೃತ್ತಿಗೆ ಒಪ್ಪೋಲೆ ಬೇಡವೆ?

ಪುಸ್ತಕವೊಂದರ ಎರಡನೆಯ ಮುದ್ರಣದಲ್ಲಿ ದೋಷಗಳನ್ನು ತಿದ್ದಿದ ಪ್ರಕಾಶಕನು ಮೊದಲ ಮುದ್ರಣವನ್ನು ಕೊಂಡವರಿಗೆ ಒಪ್ಪೋಲೆಯನ್ನಾದರೂ ಕಳುಹಿಸಬೇಕೆ, ಇಲ್ಲವೆ ‘ಹೊಸದನ್ನೇ ಕೊಳ್ಳಿರಿ’ ಎಂದು ಸುಮ್ಮನಿರಬಹುದೆ? ಗಣಕಯಂತ್ರದ ತಂತ್ರಾಂಶಗಳ ವಿಷಯದಲ್ಲಿ ಈ ಪ್ರಶ್ನೆ ನಿತ್ಯವೂ ಏಳುತ್ತದೆ. ಹೊಸ ಆವೃತ್ತಿಯಲ್ಲಿ ಮಾಡಿದ ತಿದ್ದುಪಡಿಯನ್ನು ಹಳೆಯದಕ್ಕೂ ಒಗ್ಗಿಸಿಕೊಡುವುದಕ್ಕೆ ‘ಬ್ಯಾಕ್‌ಪೋರ್ಟ್’ ಎಂದು ಹೆಸರು.

ಹಳೆಯದಕ್ಕೆ ಅಂಟಿಕೊಳ್ಳುವುದು ಸೋಮಾರಿತನವೆಂದು ಕೆಲವು ತಜ್ಞರ ಅಂಬೋಣ. ಬಂಡೀಪುರದ ಕಾಡಂಚಿನ ಶಾಲೆಯೊಂದರಲ್ಲಿ ನಿಂತು ನೋಡಿದರೆ ಹಾಗೆನಿಸದು. ಹಳೆಯ ಯಂತ್ರವು ಹೊಸ ವ್ಯವಸ್ಥೆಯ ಭಾರವನ್ನು ಹೊರಲಾರದು. ಕನ್ನಡಿಗರಿಗಂತೂ ಇನ್ನೊಂದು ತೊಡಕುಂಟು: ‘ನುಡಿ’ಯ ಹಳೆಯ ಅಕ್ಷರಸಂಕೇತದಲ್ಲಿ ಬೆರಳಚ್ಚಾದ ಕಡತಗಳು ಯೂನಿಕೋಡಿಗೆ ಪರಿವರ್ತನೆಯಾಗದ ಹೊರತು ಬೇರೆಡೆ ಅರ್ಥವಿಲ್ಲದ ಗೀರುಗಳಾಗಿ ತೋರುತ್ತವೆ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು ನಿಲ್ಲಿಸಿತು. 2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಪಿಡುಗು ಜಗತ್ತನ್ನೇ ವ್ಯಾಪಿಸಿದಾಗ, ಕೈಬಿಟ್ಟಿದ್ದ ಎಕ್ಸ್‌ಪಿಗೂ ಅದು ತಿದ್ದುಪಡಿಯನ್ನು ಹೊರಡಿಸಿತು. ಬೆಂಬಲವಿದ್ದ ಆವೃತ್ತಿಗಳಿಗಾದರೋ ಅದು ಮಾರ್ಚಿಯಲ್ಲಿಯೇ ದೊರೆತಿತ್ತು. (ದೊರೆತುದನ್ನು ಹಾಕಿಕೊಳ್ಳದೆ ಕೆಟ್ಟವರೂ ಅಸಂಖ್ಯರು, ಆ ಮಾತು ಬೇರೆ.)

ತಯಾರಕರ ಕಷ್ಟವನ್ನೂ ಮರೆಯಲಾಗದು. ತಿದ್ದುಪಡಿ ನಾಲ್ಕೇ ಸಾಲಿನದಿರಬಹುದು. ಅದು ಆಧರಿಸಿದ ಭಾಗವೇ ಹಳೆಯದರಲ್ಲಿ ಇಲ್ಲದಿರಬಹುದು. ಪ್ರತಿಯೊಂದು ಆವೃತ್ತಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಸ್ಥಿರತೆಗೆಂದೇ ಹಳೆಯದನ್ನು ನಂಬಿದವನಿಗೆ ಅವಸರದ ತಿದ್ದುಪಡಿಯು ಮೂಲದೋಷಕ್ಕಿಂತ ದೊಡ್ಡ ಕೇಡಾದೀತು. ಆದಕಾರಣವೇ ಡೆಬಿಯನ್ ಬಳಗವು ತನ್ನ ಸ್ಥಿರ ಆವೃತ್ತಿಗೆ ಭದ್ರತೆಯ ಹಾಗೂ ಗುರುತರ ದೋಷಗಳ ತಿದ್ದುಪಡಿಗಳನ್ನು ಕೊಡುತ್ತದೆ, ಹೊಸ ಸೌಕರ್ಯಗಳನ್ನು ತುರುಕುವುದಿಲ್ಲ. ಗುಂಡ್ಲುಪೇಟೆಯಿಂದ ಗಡಿ ದಾಟಿದರೆ ಸಿಗುವ ಕೇರಳದ ಶಾಲೆಗಳು ಬಳಸುವ ‘ಕೈಟ್’ ವ್ಯವಸ್ಥೆಗೆ ಉಬುಂಟುವಿನ ದೀರ್ಘಾವಧಿ ಆವೃತ್ತಿಯೇ ಆಧಾರ. ಅಂತಹ ಆವೃತ್ತಿಗೆ 5 ವರ್ಷಗಳ ಭದ್ರತಾ ತಿದ್ದುಪಡಿ ಉಂಟು.

ಕಳ್ಳನಿಗೆ ಬಾಗಿಲು ತೆರೆಯುವ ದೋಷವನ್ನೂ ಕಡತವನ್ನು ಅಳಿಸುವ ದೋಷವನ್ನೂ ಹಳೆಯದರಲ್ಲಿಯೂ ತಿದ್ದತಕ್ಕದ್ದು. ಅಂದಚೆಂದದ ಕೊರತೆಗಳನ್ನು ಬಿಡಬಹುದು. ಇವೆರಡರ ನಡುವಿನವುಗಳಲ್ಲಿ ನಾನು ನೋಡುವುದು ಒಂದನ್ನೇ: ದೋಷವು ತಾನಾಗಿ ಕಣ್ಣಿಗೆ ಬೀಳುವುದೆ? ಮುದ್ರಿಸುವಾಗ ತಟಸ್ಥವಾಗಿ ನಿಂತುಬಿಡುವ ತಂತ್ರಾಂಶಕ್ಕೆ ಬಳಸುವವನು ಹೇಗೋ ಉಪಾಯ ಹುಡುಕಿಕೊಳ್ಳುತ್ತಾನೆ. ಅಂಕಪಟ್ಟಿಯ ಮೊತ್ತವನ್ನು ಸದ್ದಿಲ್ಲದೆ ತಪ್ಪಾಗಿ ಕೂಡುವ ದೋಷವು ಎಷ್ಟೇ ಅಲ್ಪವಾಗಿದ್ದರೂ ಅದನ್ನು ತಿದ್ದದೆ ಬಿಡುವುದು ವಂಚನೆಗೆ ಸಮ.

ಎಂದೆಂದಿಗೂ ತಿದ್ದುತ್ತಿರಿ ಎಂದು ಕೇಳುವುದು ನ್ಯಾಯವಲ್ಲ. ಕೊನೆಯ ದಿನವನ್ನು ಮೊದಲೇ ಸಾರಬೇಕೆಂದು ಕೇಳಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಠದ ಶಾಲೆಗಳಿಗೆ ಗಣಕವನ್ನು ದಾಸೋಹಭಾವದಿಂದ ನೀಡುವ ದಾನಿಗಳು ಆ ದಿನಾಂಕವನ್ನು ವಿಚಾರಿಸಿ ಮುಖ್ಯೋಪಾಧ್ಯಾಯರಿಗೆ ತಿಳಿಸಿದರೆ ದೊಡ್ಡ ಉಪಕಾರವಾದೀತು.